ಕಣ್ಣಿನಲ್ಲಿ ಹುಳು: ಮಾತ್ರೆ ನುಂಗಿದರೆ ಸಾಕೇ?

ಪ್ರಶ್ನೆ: ಒಬ್ಬರ ಕಣ್ಣಿನ ಬಿಳಿಭಾಗದಲ್ಲಿ ದಾರದಂತಹ ಹುಳು ಹರಿದಾಡುವ ವಿಡಿಯೊ ನೋಡಿ ಗಾಬರಿಯಾಯಿತು. ಹೊಟ್ಟೆಯ ಜಂತುಹುಳುವೇ ಕಣ್ಣಿಗೆ ಏರುತ್ತದೆಯೇ? ಜಂತುಹುಳುವಿನ ಮಾತ್ರೆಯಿಂದ ಇದು ಗುಣವಾಗುತ್ತದೆಯೇ?

ಉತ್ತರ: ಹಾಗೆ ಹರಿದಾಡುವ ಹುಳು ಸಾಮಾನ್ಯವಾಗಿ ಹೊಟ್ಟೆಯಿಂದ ಬಂದದ್ದಲ್ಲ, ಕೀಟದ ಕಡಿತದಿಂದ ಬಂದದ್ದು. ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡುಗಳಲ್ಲಿ ಒಂದು ಜಾತಿಯ ನೊಣ ಕಚ್ಚಿದಾಗ ದೇಹಕ್ಕೆ ಸೇರುವ 'ಲೋವಾ ಲೋವಾ' ಹುಳು 3ರಿಂದ 7 ಸೆಂ.ಮೀ. ಉದ್ದ ಬೆಳೆದು, ಚರ್ಮದಡಿ ಅಲೆಯುತ್ತಾ ಒಮ್ಮೊಮ್ಮೆ ಕಣ್ಣಿನ ತೆಳುಪೊರೆಯ ಕೆಳಗೆ ಹಾದುಹೋಗುತ್ತದೆ. ಸೊಳ್ಳೆಗಳ ಮೂಲಕ ನಾಯಿಯಿಂದ ಮನುಷ್ಯರಿಗೆ ಬರುವ 'ಡೈರೋಫೈಲೇರಿಯಾ' ಕೂಡ ನೋಡಲು ಹೀಗೆಯೇ ಇರುತ್ತದೆ. ಡೈರೋಫೈಲೇರಿಯಾ ಆದರೆ ಸಾಮಾನ್ಯವಾಗಿ ಒಂದೇ ಹುಳು ಇರುವುದರಿಂದ ಅದನ್ನು ಹೊರತೆಗೆದರೆ ಚಿಕಿತ್ಸೆ ಬಹುತೇಕ ಮುಗಿದಂತೆ. ಇವು ಕಣ್ಣಿನಿಂದ ಕಣ್ಣಿಗೆ ಅಂಟುವುದಿಲ್ಲ.

ನೋಡಲು ಭಯಂಕರವಾದ ಇವುಗಳಿಗಿಂತ ಕಣ್ಣಿಗೆ ಕಾಣದವುಗಳೇ ದೃಷ್ಟಿಗೆ ಹೆಚ್ಚು ಅಪಾಯಕಾರಿ. ನಾಯಿ, ಬೆಕ್ಕುಗಳ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿರುತ್ತವೆ. ಮಣ್ಣಾದ ಕೈಯನ್ನು ಮಗು ಬಾಯಿಗಿಟ್ಟಾಗ ಅವು ಒಳಹೋಗಿ, ಒಡೆದು ಹೊರಬಂದ ಮರಿಹುಳು ರಕ್ತದ ಮೂಲಕ ಅಕ್ಷಿಪಟಲವನ್ನು ತಲುಪಬಹುದು. ಸಾಮಾನ್ಯವಾಗಿ ಒಂದೇ ಕಣ್ಣಿಗೆ ತೊಂದರೆಯಾಗುವುದರಿಂದ ಮಗು ಏನೂ ಹೇಳುವುದಿಲ್ಲ. ಮೆಳ್ಳಗಣ್ಣೋ, ಪಾಪೆಯಲ್ಲಿ ಬಿಳಿ ಹೊಳಪೋ ಕಂಡಾಗಲೇ ಹೆತ್ತವರಿಗೆ ಅನುಮಾನ ಬರುವುದು. ಅಕ್ಷಿಪಟಲದ ಕ್ಯಾನ್ಸರ್ ಕೂಡ ಇದೇ ರೀತಿ ಕಾಣಿಸಿಕೊಳ್ಳುವುದರಿಂದ ಒಂದು ದಿನವೂ ತಡಮಾಡಬಾರದು. ಈ ಹುಳು ಮನುಷ್ಯರ ಕರುಳಿನಲ್ಲಿ ಬೆಳೆದು ಮೊಟ್ಟೆ ಇಡುವುದಿಲ್ಲವಾದ್ದರಿಂದ ಮಲಪರೀಕ್ಷೆಯಲ್ಲಿ ಇದು ಸಿಗುವುದೂ ಇಲ್ಲ.

ಇನ್ನು ಮಾತ್ರೆಯ ವಿಚಾರ. ದಯವಿಟ್ಟು ನೀವಾಗಿಯೇ ನುಂಗಬೇಡಿ. ವೇಗವಾಗಿ ಹರಿಯುವ ನದಿಗಳ ಬಳಿ ಕಪ್ಪುನೊಣದಿಂದ ಹರಡುವ 'ನದಿ ಕುರುಡು' ಎಂಬ ಹುಳುರೋಗದಲ್ಲಿ ಐವರ್‌ಮೆಕ್ಟಿನ್ ಎಂಬ ಹುಳುನಾಶಕ ಔಷಧ ಅಸಂಖ್ಯ ಜನರ ದೃಷ್ಟಿಯನ್ನು ಉಳಿಸಿದೆ. ಈ ಔಷಧಕ್ಕೆ ದಾರಿಮಾಡಿದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಾತೋಶಿ ಓಮುರಾ ಅವರಿಗೆ 2015ರಲ್ಲಿ ನೊಬೆಲ್ ಸಂದಿತು. ಆದರೆ ರಕ್ತದಲ್ಲಿ ಲೋವಾ ಲೋವಾದ ಮರಿಗಳು ವಿಪರೀತವಾಗಿದ್ದವರಿಗೆ ಅದೇ ಔಷಧ ಕೊಟ್ಟರೆ ಮೆದುಳಿಗೆ ಪ್ರಾಣಾಪಾಯಕಾರಿ ಹಾನಿಯಾಗಬಹುದು. ಹಂದಿಯ ಲಾಡಿಹುಳುವಿನ ಗುಳ್ಳೆ ಕಣ್ಣಿನೊಳಗಿದ್ದಾಗಲೂ ಹೀಗೆಯೇ: ಔಷಧದಿಂದ ಹುಳು ಅಲ್ಲೇ ಸತ್ತರೆ ಉಂಟಾಗುವ ಉರಿಯೂತವೇ ದೃಷ್ಟಿಯನ್ನು ಕಸಿಯಬಲ್ಲದು. ಆದ್ದರಿಂದಲೇ ಮೆದುಳಿನ ಲಾಡಿಹುಳು ಗುಳ್ಳೆಗೆ ಔಷಧ ಆರಂಭಿಸುವ ಮೊದಲು ವೈದ್ಯರು ಪಾಪೆ ಹಿಗ್ಗಿಸಿ ಕಣ್ಣಿನ ಒಳಭಾಗವನ್ನು ಪರೀಕ್ಷಿಸುತ್ತಾರೆ.

ಕಣ್ಣಿನಲ್ಲಿ ಹುಳು ಹರಿದಂತೆ ಕಂಡರೆ ಉಜ್ಜದೆ, ಕೀಳಲು ಹೋಗದೆ, ಸಾಧ್ಯವಾದರೆ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಕೂಡಲೇ ನೇತ್ರತಜ್ಞರ ಬಳಿ ಹೋಗಿ. ನೀವು ತಲುಪುವಷ್ಟರಲ್ಲಿ ಹುಳು ಮರೆಯಾಗಿದ್ದರೂ ಆ ಚಿತ್ರ ಅವರಿಗೆ ನೆರವಾಗುತ್ತದೆ.