ಫ್ರೀಜರ್‌ನಲ್ಲಿ ಅಡಗಿಸಿಟ್ಟ ಇಂಜೆಕ್ಷನ್ ಪೆನ್

ಗುರುತು ಸಿಗದ ಹಾಗೆ ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ.

ಸುಧಾಕರ ಅವರಿಗೆ 46 ವರ್ಷ. ಉಡುಪಿ ಪೇಟೆಯಲ್ಲಿ ಜ್ಯೂಸ್, ಐಸ್‌ಕ್ರೀಮ್ ಅಂಗಡಿ. ಎತ್ತರ 168 ಸೆಂಟಿಮೀಟರ್, ತೂಕ 104 ಕಿಲೋ. ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 37ರ ಹತ್ತಿರ. ನಮ್ಮವರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ. ಶುಗರ್ ಇರುವುದರಿಂದ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಿದ್ದರು. ಆಸ್ಪತ್ರೆಯಿಂದ ಡಿಸ್‌ಚಾರ್ಜ್ ಆದ ಮೇಲೆ ಡಾಕ್ಟರು ಅವರನ್ನು ಆಪ್ತಸಲಹೆಗೆಂದು ನನ್ನ ಹತ್ತಿರ ಕಳಿಸಿದರು.

ನಡೆದದ್ದು ಇಷ್ಟು. ದುಬೈಯಲ್ಲಿರುವ ಭಾವ ತೂಕ ಇಳಿಸುವ ಸೆಮಗ್ಲುಟೈಡ್ ಪೆನ್ ಎರಡು ಕಳಿಸಿಕೊಟ್ಟರು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ, ಹಸಿವೆ ತಗ್ಗಿಸುವ ಮದ್ದು. ಹೆಂಡತಿಗೆ ಹೇಳಲಿಲ್ಲ. ಮನೆಯ ಫ್ರಿಜ್‌ನಲ್ಲಿಟ್ಟರೆ ಗೊತ್ತಾಗುತ್ತದೆ ಎಂದು ಮೊದಲ ಪೆನ್ನನ್ನು ಅಂಗಡಿಯ ಫ್ರೀಜರ್‌ನಲ್ಲಿ, ಐಸ್‌ಕ್ರೀಮ್ ಡಬ್ಬಗಳ ಅಡಿಯಲ್ಲಿಟ್ಟರು. ಈ ಮದ್ದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಬಳಸಬಾರದು. ಅದು ಅವರಿಗೆ ಗೊತ್ತಿರಲಿಲ್ಲ. ಕರಗಿಸಿ ಚುಚ್ಚಿಕೊಂಡರು. ವಾರಗಟ್ಟಲೆ ಕಳೆದರೂ ಹಸಿವೆಯಲ್ಲಿ ಏನೂ ಬದಲಾವಣೆ ಕಾಣಲಿಲ್ಲ.

"ನನ್ನ ಮೈಗೆ ಈ ಡೋಸ್ ಸಾಕಾಗುದಿಲ್ಲ ಅಂತ ಕಂಡಿತು ಮೇಡಂ."

ಎರಡನೆಯ ಪೆನ್ ಜಾಸ್ತಿ ಡೋಸಿನದು. ಅದನ್ನು ತಂಪು ಪಾನೀಯದ ಫ್ರಿಜ್‌ನಲ್ಲಿಟ್ಟಿದ್ದರು, ಹಾಗಾಗಿ ಮದ್ದು ಕೆಟ್ಟಿರಲಿಲ್ಲ. 0.25 ಮಿಲಿಗ್ರಾಂನಿಂದ ಶುರು ಮಾಡಿ, ಪ್ರತಿ ಹಂತಕ್ಕೂ ನಾಲ್ಕು ವಾರ ಕೊಟ್ಟು ಏರಿಸಬೇಕಾದ ಮದ್ದು ಇದು. ಅವರು ನೇರ 1 ಮಿಲಿಗ್ರಾಂ ತಗೊಂಡರು. ಮೊದಲ ಪೆನ್ನಿನಲ್ಲಿ ಮದ್ದು ಕೆಲಸ ಮಾಡದೆ ಹೋಗಿದ್ದರೆ, ದೇಹಕ್ಕೆ ಇದೇ ಮೊದಲ ಡೋಸ್! ಎರಡು ದಿನ ಒಂದೇ ಸಮನೆ ವಾಂತಿ. ಗಂಜಿ ತೆಳಿಯೂ ನಿಲ್ಲಲಿಲ್ಲ. ಆದರೆ ಶುಗರ್ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಊಟ ಮಾಡದೇ ಇದ್ದರೂ ಗ್ಲಿಮೆಪಿರೈಡ್ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಅಂಗಡಿಯಲ್ಲೇ ತಲೆ ತಿರುಗಿ ಬಿದ್ದರು. ಪಕ್ಕದ ಅಂಗಡಿಯವರು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. "ಬೇರೆ ಏನಾದರೂ ಮದ್ದು ತಗೊಳ್ತಾರಾ?" ಎಂದು ಡಾಕ್ಟರು ಕೇಳಿದರೆ, ಹೆಂಡತಿ "ಇಲ್ಲ" ಎಂದರು. ಅವರಿಗೆ ಗೊತ್ತಿದ್ದರಲ್ಲವೇ ಹೇಳುವುದು?

ಮೊದಲ ದಿನ ನಾನು ತೂಕದ ಮಾತು ಎತ್ತಲಿಲ್ಲ. ಮನೆಯವರಿಂದ ಯಾಕೆ ಮುಚ್ಚಿಟ್ಟಿರಿ ಎಂದಷ್ಟೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬಾಯಿ ಕಟ್ಟಿ, ಬಾಯಿ ಕಟ್ಟಿ ಅಂತ ಅವಳು ಎಷ್ಟು ವರ್ಷದಿಂದ ಹೇಳ್ತಾ ಇದ್ದಾಳೆ. ಈಗ ಇಂಜೆಕ್ಷನ್ ತಗೊಂಡೆ ಅಂದ್ರೆ, ನನ್ನಿಂದ ಅಷ್ಟೂ ಆಗ್ಲಿಲ್ಲ ಅಂತ ಆಯ್ತಲ್ವಾ?" ಅಪ್ಪ 51ಕ್ಕೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡಿದ್ದರು. ಆ ಭಯವನ್ನೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಮೆಹೆಂದಿ, ಔತಣ, ಎಲ್ಲಿಗೆ ಹೋದರೂ "ಸ್ವಲ್ಪ ಇಳಿಸಿ ಮಾರ್ರೆ" ಎಂಬ ಮಾತು ಬೇರೆ.

ಈ ನಾಚಿಕೆಯೇ ಅವರನ್ನು ಆಸ್ಪತ್ರೆಗೆ ಸೇರಿಸಿದ್ದು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಮದ್ದು ಕೆಟ್ಟದ್ದಲ್ಲ. ಗುಟ್ಟಾಗಿ ತಗೊಂಡದ್ದರಿಂದ ಅದು ಅಪಾಯವಾಯಿತು. ಬಾಯಿ ಕಟ್ಟಿದರೆ ಎಲ್ಲ ಸರಿಯಾಗುತ್ತದೆ ಎಂದು ಹೇಳುವವರಿಗೆ ಒಂದು ವಿಷಯ ಗೊತ್ತಿರಬೇಕು. ತೂಕ ಇಳಿದಾಗ ದೇಹವೇ ಅದನ್ನು ತಡೆಯುತ್ತದೆ. ಹಸಿವೆ ಹೆಚ್ಚಿಸುತ್ತದೆ, ಶಕ್ತಿ ಖರ್ಚು ಮಾಡುವುದನ್ನು ಕಡಿಮೆ ಮಾಡುತ್ತದೆ. ಇದು ಗುಣದ ದೋಷ ಅಲ್ಲ. ಬಿಪಿಗೆ ಮಾತ್ರೆ ತಗೊಳ್ಳುವವರನ್ನು ನಾವು ಸೋತವರು ಎನ್ನುತ್ತೇವಾ?

ನನ್ನ ಮೊದಲ ಸಲಹೆ: ಹೆಂಡತಿಯನ್ನು ಕೂರಿಸಿಕೊಂಡು ಎಲ್ಲ ಹೇಳಿ, ಖರ್ಚು ಎಷ್ಟಾಯಿತು ಎನ್ನುವುದನ್ನೂ. ಅದು ನನ್ನ ಕೋಣೆಯಲ್ಲೇ ನಡೆಯಿತು. ಅವರಿಗೆ ಸಿಟ್ಟು ಬಂದದ್ದು ಹಣಕ್ಕಲ್ಲ. "ನನ್ನತ್ರ ಹೇಳ್ಬಹುದಿತ್ತಲ್ಲ, ಏನಾದ್ರೂ ಆಗಿದ್ರೆ ನಾನು ಎಂತ ಮಾಡುದು?" ಎಂದು ಅತ್ತರು. ಅವರಿಗೂ ಒಂದು ಮಾತು ಹೇಳಿದೆ. ಊಟದ ಹೊತ್ತಿಗೆ ತೂಕದ ವಿಷಯ ಬೇಡ, ತಟ್ಟೆ ನೋಡಿ ಲೆಕ್ಕ ಹಾಕುವುದೂ ಬೇಡ.

ಎರಡನೆಯದು, ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಕಷಾಯ, ಪುಡಿ, ಯಾರೋ ಕೊಟ್ಟ ಮಾತ್ರೆ, ಎಲ್ಲ ಹೇಳಿ. ಡಾಕ್ಟರು ಕೇಳಿದ ಪ್ರಶ್ನೆಗಳನ್ನು ಭಾವ ಕೇಳಿರಲಿಲ್ಲ, ಅವರಿಗೆ ಗೊತ್ತಿರುವುದಕ್ಕೂ ಸಾಧ್ಯವಿಲ್ಲ. ಪ್ಯಾಂಕ್ರಿಯಾಸ್ ಊದಿಕೊಂಡದ್ದು ಉಂಟಾ? ಪಿತ್ತಕೋಶದಲ್ಲಿ ಕಲ್ಲು? ಮನೆತನದಲ್ಲಿ ಮೆಡ್ಯುಲ್ಲರಿ ಥೈರಾಯ್ಡ್ ಕ್ಯಾನ್ಸರ್? ಸುಧಾಕರ ಅವರ ಅಕ್ಕನಿಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಹಳೆಯ ರಿಪೋರ್ಟ್ ಹುಡುಕಿಸಿ, ಅದು ಕ್ಯಾನ್ಸರ್ ಅಲ್ಲ, ಬರೀ ಗಂಟು ಎಂದು ಗೊತ್ತಾದ ಮೇಲೆಯೇ ಡಾಕ್ಟರು ಮುಂದುವರಿದರು. ಶುಗರ್ ಇರುವವರಿಗೆ ಸಕ್ಕರೆ ಬೇಗ ಇಳಿದರೆ ಕಣ್ಣಿನ ಹಿಂಪರದೆಯ ತೊಂದರೆ ಜಾಸ್ತಿಯಾಗಬಹುದು. ಹಾಗಾಗಿ ಕಣ್ಣಿನ ಪರೀಕ್ಷೆಯೂ ಆಯಿತು. ಗೊರಕೆ ಜೋರಾಗಿದ್ದದ್ದರಿಂದ ನಿದ್ರೆಯ ಪರೀಕ್ಷೆ ಮಾಡಿಸಿದರು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಸಿಕ್ಕಿತು. ಆಮೇಲೆ ಗ್ಲಿಮೆಪಿರೈಡ್ ನಿಲ್ಲಿಸಿ, ಸೆಮಗ್ಲುಟೈಡನ್ನು 0.25ರಿಂದ ಮತ್ತೆ ಶುರು ಮಾಡಿದರು.

ಊಟದ ವಿಷಯದಲ್ಲಿ ಡಯಟಿಷಿಯನ್ ಹೇಳಿದ್ದನ್ನು ಅವರ ದಿನಕ್ಕೆ ಹೊಂದಿಸುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಎರಡು ಬನ್ಸ್, ಮಧ್ಯಾಹ್ನ ಏನೋ ಸ್ವಲ್ಪ, ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಬಂದು ಹೊಟ್ಟೆ ಬಿರಿಯುವಷ್ಟು ಊಟ. ಅದು ಹಸಿವೆಗಿಂತ ಜಾಸ್ತಿ ಸುಸ್ತು ಎಂದು ಮಾತಾಡುತ್ತಾ ಅವರಿಗೇ ಅರ್ಥವಾಯಿತು. ಈಗ ಮಧ್ಯಾಹ್ನದ ಊಟ ಮನೆಯಿಂದ ಅಂಗಡಿಗೆ ಬರುತ್ತದೆ. ಮೊದಲು ಬಂಗುಡೆ ಸಾರಿನ ಮೀನು ಅಥವಾ ಹೆಸರುಕಾಳು ಗಸಿ, ಹುರುಳಿ. ಆಮೇಲೆ ಕುಚ್ಚಲಕ್ಕಿ ಅನ್ನ, ಕಡಿಮೆ. ತೂಕ ಬೇಗ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದಕ್ಕೇ ಪ್ರೋಟೀನ್ ಮೊದಲು. ಅಜ್ಜರಕಾಡು ಮೈದಾನದಲ್ಲಿ ನಡಿಗೆ ಸರಿ, ಆದರೆ ಅದೊಂದೇ ಸಾಲದು, ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮವೂ ಬೇಕು ಎಂದು ಡಾಕ್ಟರು ಹೇಳಿದ್ದಾರೆ. ಕರಿದದ್ದು ತಿಂದರೆ ವಾಕರಿಕೆ ಜಾಸ್ತಿ ಎಂದು ಗೋಳಿಬಜೆಯೇ ಅವರಿಗೆ ಕಲಿಸಿತು. ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಹೆಂಡತಿಗೂ ಬರೆದುಕೊಟ್ಟೆ.

ಆರು ತಿಂಗಳಲ್ಲಿ 104 ಇದ್ದದ್ದು 96 ಆಯಿತು. ಅವರಿಗೆ ಬೇಜಾರು. "ಮೊಬೈಲ್‌ನಲ್ಲಿ ಇಪ್ಪತ್ತು ಕಿಲೋ ಅಂತೆಲ್ಲ ತೋರಿಸ್ತಾರೆ." ಶುಗರ್ ಇಲ್ಲದವರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 2.4 ಮಿಲಿಗ್ರಾಂ ಡೋಸಿಗೆ, 68 ವಾರಕ್ಕೆ ಸರಾಸರಿ ಇಳಿದದ್ದು ಶೇಕಡಾ 15ರಷ್ಟು. ಶುಗರ್ ಇದ್ದವರ ಮೇಲೆ ನಡೆದ ಬೇರೆ ಅಧ್ಯಯನದಲ್ಲಿ ಶೇಕಡಾ 10ರ ಆಸುಪಾಸು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಎಂಟು ಕಿಲೋ ಎಂದರೆ ಅವರ ತೂಕದ ಶೇಕಡಾ 7ಕ್ಕಿಂತ ಜಾಸ್ತಿ. ಅಷ್ಟು ಇಳಿದರೂ ಸಕ್ಕರೆ, ಬಿಪಿ ಸುಧಾರಿಸುತ್ತದೆ. ಅವರದ್ದೂ ಸುಧಾರಿಸಿದೆ.

ಈಗ ಉಳಿದಿರುವುದು ಹಣದ ಪ್ರಶ್ನೆ. ತಿಂಗಳಿಗೆ ಸಾವಿರಾರು ರೂಪಾಯಿ ಸಣ್ಣ ಅಂಗಡಿಯವರಿಗೆ ಸುಲಭವಲ್ಲ. 90ಕ್ಕೆ ಬಂದರೆ ಬಿಡಬಹುದಾ ಎಂದು ಕೇಳಿದರು. ಮದ್ದು ಬಿಟ್ಟವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದೊಳಗೆ ವಾಪಸ್ ಬಂದದ್ದನ್ನು ಶುಗರ್ ಇಲ್ಲದವರ ಮೇಲಿನ ಆ ಅಧ್ಯಯನದ ಮುಂದುವರಿಕೆ ತೋರಿಸಿದೆ. ಅದನ್ನು ಮುಚ್ಚಿಡದೆ ಹೇಳಿದೆ. ಎಷ್ಟು ಕಾಲ ತಗೊಳ್ಳುವುದು, ಖರ್ಚಿಗೆ ಎಲ್ಲಿಂದ ಎತ್ತುವುದು, ಬಿಟ್ಟರೆ ಎಷ್ಟು ಕಿಲೋ ಏರಿದಾಗ ಮತ್ತೆ ಬರುವುದು ಎಂದು ಮುಂದಿನ ಸಲ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಎದುರು ಕೂತು ಮಾತಾಡಲಿದ್ದಾರೆ. ಅಲ್ಲಿಯವರೆಗೆ ಡೋಸ್ ಏರಿಸುವುದೂ ಬೇಡ, ನಿಲ್ಲಿಸುವುದೂ ಬೇಡ ಎಂದು ಇಬ್ಬರಿಗೂ ಹೇಳಿದ್ದೇನೆ.