ಸೀರೆಯ ಹಳೇ ಬೆಲೆ ಎಷ್ಟು?

ಪ್ರಶ್ನೆ: ಶೇ. 20 ರಿಯಾಯಿತಿ ಕಳೆದು ಸೀರೆಗೆ 1,200 ರೂಪಾಯಿ ಕೊಟ್ಟರೆ ಮೂಲ ಬೆಲೆ ಎಷ್ಟು ಅಂತ ಮಗಳ ಲೆಕ್ಕ. 1,200ಕ್ಕೆ ಶೇ. 20 ಸೇರಿಸಿ 1,440 ಅಂದೆ. ತಪ್ಪಂತೆ, ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ಈ ತಪ್ಪು ತುಂಬಾ ಜನ ಮಾಡುತ್ತಾರೆ, ಬೇಜಾರು ಬೇಡ. ಶೇ. 20 ಯಾವುದರ ಮೇಲೆ ಅಂತ ಮೊದಲು ನೋಡಿ. ಅಂಗಡಿಯವರು ಕಳೆದದ್ದು ಸೀರೆಗೆ ಅಂಟಿಸಿದ ಚೀಟಿಯ ಬೆಲೆಯಲ್ಲಿ, ನೀವು ಸೇರಿಸಿದ್ದು 1,200ರ ಮೇಲೆ. ಚೀಟಿಯ ಬೆಲೆಯನ್ನು 100 ಭಾಗ ಅಂದುಕೊಂಡರೆ ನೀವು ಕೊಟ್ಟದ್ದು 80 ಭಾಗ, ಅಲ್ವಾ? ಆ 80 ಭಾಗವೇ 1,200, ಅಂದರೆ ಒಂದು ಭಾಗಕ್ಕೆ 15 ರೂಪಾಯಿ, 100 ಭಾಗಕ್ಕೆ 1,500. ತಾಳೆ ನೋಡಿ: 1,500ರಲ್ಲಿ ಶೇ. 20 ಅಂದರೆ 300, ಕಳೆದರೆ 1,200. ಸುಮ್ನೆ ಸೂತ್ರ ಬಾಯಿಪಾಠ ಮಾಡಿಸಬೇಡಿ. ಶೇ. 18 ಜಿಎಸ್‌ಟಿ ಸೇರಿದ 1,180 ರೂಪಾಯಿ ಬಿಲ್ ಕೊಟ್ಟು, ಇದರಲ್ಲಿ 118 ಭಾಗ ಇದೆ, ತೆರಿಗೆ ಬಿಟ್ಟು ಬೆಲೆ ಹೇಳು ಅನ್ನಿ.