ಪೆನ್ ಡ್ರೈವ್‌ನಲ್ಲಿ ಬರೀ ಶಾರ್ಟ್‌ಕಟ್‌ಗಳು!

ಪ್ರಶ್ನೆ: ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಮೇಲೆ ನನ್ನ ಪೆನ್ ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಾಣುತ್ತಿವೆ. ಕಡತಗಳು ಅಳಿಸಿಹೋಗಿವೆಯೇ? ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಗಾಬರಿಯಾಗಬೇಡಿ. ಇಂಥ ಸಂದರ್ಭದಲ್ಲಿ ಕಡತಗಳು ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ. ವೈರಸ್ ಅವುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಅಲ್ಲಿ ಇರಿಸಿರುತ್ತದೆ. ಅವುಗಳಲ್ಲಿ ಒಂದನ್ನು ಕ್ಲಿಕ್ ಮಾಡಿದೊಡನೆ ಫೋಲ್ಡರ್ ಎಂದಿನಂತೆ ತೆರೆದುಕೊಂಡರೂ, ಜೊತೆಗೇ ವೈರಸ್ ಚಾಲನೆಗೊಂಡು ನಿಮ್ಮ ಕಂಪ್ಯೂಟರನ್ನು ಸೇರಿ, ಮುಂದೆ ಅದಕ್ಕೆ ಜೋಡಿಸುವ ಇತರ ಪೆನ್ ಡ್ರೈವ್‌ಗಳಿಗೂ ಹರಡುತ್ತದೆ. ಆದ್ದರಿಂದ ಶಾರ್ಟ್‌ಕಟ್‌ಗಳನ್ನು ಮುಟ್ಟದೆ, ಮೊದಲು ಕಂಪ್ಯೂಟರ್ ಮತ್ತು ಪೆನ್ ಡ್ರೈವ್ ಎರಡನ್ನೂ ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಉಚಿತವಾಗಿಯೇ ಇರುತ್ತದೆ. ಬಳಿಕ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಆಯ್ದುಕೊಳ್ಳಿ. ಆಗಲೂ ಕಾಣದಿದ್ದರೆ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಂ ಕಡತಗಳನ್ನು ಮರೆಮಾಡುವ ಗುರುತನ್ನೂ ತೆಗೆದು, ನಿಮ್ಮ ಕಡತಗಳನ್ನು ಬೇರೆಡೆ ನಕಲಿಸಿಕೊಂಡು, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ.

ಮುಂದಿನ ಎಚ್ಚರಿಕೆಯ ವಿಷಯಕ್ಕೆ ಬಂದರೆ, ವಿಂಡೋಸ್ ಅಪ್‌ಡೇಟ್‌ಗಳನ್ನು ಮುಂದೂಡುವ ಅಭ್ಯಾಸ ನಮ್ಮಲ್ಲಿ ಬಹಳವಿದ್ದು, ಅದು ನಿಜಕ್ಕೂ ಅಪಾಯಕಾರಿ: 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆ ಮಾಡಿದ್ದರೂ, ಅದನ್ನು ಅಳವಡಿಸಿಕೊಳ್ಳದಿದ್ದ ಕಂಪ್ಯೂಟರುಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅದಕ್ಕೆ ತುತ್ತಾದವು. ಇನ್ನು ಅಂಗಡಿಗೆ ಹೋಗುವಾಗ, ಪ್ರಿಂಟ್ ಆಗಬೇಕಾದ ಕಡತವೊಂದನ್ನೇ ಹಾಕಿದ ಬೇರೆ ಪೆನ್ ಡ್ರೈವ್ ಒಯ್ಯಿರಿ.